ಉಪ್ಪಿನ ಮೇಲೆ ನಿಂತ ಊರಿನಲ್ಲಿ ಒಂದು ಚಳಿಗಾಲ

ಅಮೆರಿಕೆಗೆ ಹೋಗಿ ಬಂದವರು ನಯಾಗರ ಜಲಪಾತವನ್ನೂ ನ್ಯೂಯಾರ್ಕಿನ ಮುಗಿಲೆತ್ತರದ ಕಟ್ಟಡಗಳನ್ನೂ ಕುರಿತು ಬರೆಯುವುದು ವಾಡಿಕೆ. ಅವನ್ನು ನಾವೂ ನೋಡಿ ಬಂದೆವು. ಆದರೆ ಅವುಗಳ ವರ್ಣನೆಯನ್ನು ವಾಚಕರು ಬೇಕಾದಷ್ಟು ಓದಿರುವುದರಿಂದ ಅದನ್ನೇ ಮತ್ತೊಮ್ಮೆ ಹೇಳುವ ಉದ್ದೇಶ ನಮಗಿಲ್ಲ. ನಾವು ಹೇಳಹೊರಟಿರುವುದು ಮಿಚಿಗನ್ ರಾಜ್ಯದ ಡೆಟ್ರಾಯ್ಟ್ ನಗರದ ಸುತ್ತಿನಲ್ಲಿ ಕಳೆದ ಒಂದು ಚಳಿಗಾಲದ ಸಂಗತಿಯನ್ನು. ಅದರಲ್ಲಿಯೂ ಅಲ್ಲಿಯ ಜನರು ತಮ್ಮ ಕಾರಿನ ಮೈಯನ್ನು ಶುಚಿಯಾಗಿಟ್ಟುಕೊಳ್ಳಲು ಪಡುವ ಪಾಡನ್ನು. ವಿಷಯ ಅಲ್ಪವೆಂದು ತೋರಬಹುದು. ಆದರೆ ಮಗನೋ ಮಗಳೋ ಆ ಶೀತಸೀಮೆಯಲ್ಲಿ ಸಂಸಾರ ಹೂಡಿರುವ ಮನೆಗಳು ಇಂದು ನಮ್ಮ ಸಮಾಜದಲ್ಲಿ ಬಹಳಷ್ಟಿವೆ. ಅವರು ದೂರವಾಣಿಯಲ್ಲಿ "ಕಾರು ತೊಳೆಸಿಕೊಂಡು ಬಂದೆವು" ಎಂದಾಗ ಅದರ ಹಿಂದೆ ಎಷ್ಟು ದೊಡ್ಡ ಕಥೆ ಇದೆಯೆಂಬುದು ಇಲ್ಲಿ ಕುಳಿತ ನಮಗೆ ಹೊಳೆಯುವುದಿಲ್ಲ.

ನಮ್ಮ ಮಗಳು, ಅಳಿಯಂದಿರು ಇರುವುದು ಡೆಟ್ರಾಯ್ಟ್‌ನ ವಾಯವ್ಯಕ್ಕೆ, ನೋವೈ ಎಂಬ ಊರಿನಲ್ಲಿ. ನಾವು ದಂಪತಿಗಳು 2024ರ ಡಿಸೆಂಬರ್ ನಡುವಿನಿಂದ 2025ರ ಮಾರ್ಚ್ ಕೊನೆಯವರೆಗೆ ಅಲ್ಲಿದ್ದೆವು. ಮೊದಲ ಹಿಮ ಬಿದ್ದ ಮರುದಿನ ಹೊರಗೆ ಹೊರಟಾಗ ನಮ್ಮ ಕಣ್ಣಿಗೆ ಬಿದ್ದ ವಿಚಿತ್ರವೆಂದರೆ ರಸ್ತೆಯ ಮೇಲಿನ ಎಲ್ಲ ಕಾರುಗಳದೂ ಒಂದೇ ಬಣ್ಣ. ಕಪ್ಪು ಕಾರು, ಕೆಂಪು ಕಾರು, ನೀಲಿ ಕಾರು ಎಂಬ ಭೇದವಳಿದು ಎಲ್ಲವೂ ಬೂದುಬಿಳುಪಾಗಿದ್ದವು. ಹಿಮವೆಂದುಕೊಂಡರೆ ಅದು ಹಿಮವಲ್ಲ, ಬಿಸಿಲಿಗೆ ಕರಗುತ್ತಿರಲಿಲ್ಲ. ನಮ್ಮ ಮನೆಯವರು ನಕ್ಕು, "ಇಲ್ಲಿ ಕಾರಿಗೂ ವಿಭೂತಿ ಧರಿಸ್ತಾರೇನು?" ಎಂದರು. ಮಗಳು ಹೇಳಿದಳು: "ಅವ್ವಾ, ಅದು ಉಪ್ಪು. ಕೈ ಹಚ್ಚಬ್ಯಾಡ, ನಿನ್ನ ಸೀರಿಗೆ ಹತ್ತಿದರ ಕಲಿ ಬೀಳ್ತದ."

ಉಪ್ಪು! ಹಿಮ ಬೀಳುವ ಮುನ್ಸೂಚನೆ ಬಂದೊಡನೆ ಅಲ್ಲಿಯ ರಸ್ತೆ ಇಲಾಖೆಯ ದೊಡ್ಡ ಲಾರಿಗಳು ಹಿಂಬದಿಯಲ್ಲಿ ಗಿರಗಿರನೆ ತಿರುಗುವ ಒಂದು ತಟ್ಟೆಯಿಂದ ಹರಳುಪ್ಪನ್ನು ರಸ್ತೆಯುದ್ದಕ್ಕೂ ಬಿತ್ತುತ್ತ ಸಾಗುತ್ತವೆ. ನಮ್ಮಲ್ಲಿ ಕೂರಿಗೆಯಿಂದ ಬೀಜ ಬಿಡುವುದನ್ನು ನೋಡಿದವರಿಗೆ ಆ ದೃಶ್ಯ ಅಪರಿಚಿತವೆನಿಸದು. ಬಿತ್ತುವ ಪದಾರ್ಥ ಮಾತ್ರ ಬೇರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ರಸ್ತೆಯ ಮೇಲೆ ಮಂಜುಗಡ್ಡೆ ನಿಲ್ಲದೆ ಕರಗಿ ಹೋಗುತ್ತದೆ, ಗಾಲಿಗಳು ಜಾರುವುದು ತಪ್ಪುತ್ತದೆ. ಹೀಗೆ ಕರಗಿದ ಉಪ್ಪುನೀರೇ ಗಾಲಿಗಳಿಂದ ಚಿಮ್ಮಿ, ಗಾಳಿಗೆ ಆರಿ, ಕಾರಿನ ಮೈಮೇಲೆ ಬಿಳಿಯ ಪೊರೆಯಾಗಿ ಕೂಡುತ್ತದೆ. ಡೆಟ್ರಾಯ್ಟ್‌ನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 45 ಅಂಗುಲ ಹಿಮ ಬೀಳುತ್ತದೆ. ಜನವರಿಯ ಹಗಲಿನಲ್ಲಿ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿ ತೂಗಾಡುತ್ತ, ರಾತ್ರಿ ಅದಕ್ಕಿಂತ ಕೆಳಗಿಳಿಯುತ್ತದೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಈ ಆಟದಿಂದಾಗಿ ಒಮ್ಮೆ ಬಿದ್ದ ಹಿಮಕ್ಕೆ ಹಲವು ಸಲ ಉಪ್ಪು ಬೀಳುತ್ತದೆ.

ಈ ಉಪ್ಪು ಬರುವುದಾದರೂ ಎಲ್ಲಿಂದ ಎಂದು ಅಳಿಯಂದಿರನ್ನು ಕೇಳಿದಾಗ ಅವರು ನೆಲದತ್ತ ಬೆರಳು ತೋರಿಸಿದರು. ಅದು ವಿನೋದವೆಂದು ನಮಗೆ ತೋರಿದರೂ ಸತ್ಯವಾಗಿತ್ತು. ಡೆಟ್ರಾಯ್ಟ್ ನಗರದ ನೈರುತ್ಯ ಭಾಗದಲ್ಲಿ ನೆಲದಿಂದ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿಯೊಂದಿದೆ. ಕೋಟ್ಯಂತರ ವರ್ಷಗಳ ಹಿಂದೆ, ಮನುಷ್ಯನಿರಲಿ, ನೆಲದ ಮೇಲೆ ಮರಗಳೂ ಇಲ್ಲದ ಕಾಲದಲ್ಲಿ, ಅಲ್ಲಿದ್ದ ಸಮುದ್ರವೊಂದು ಇಂಗಿ ಹೋಗಿ ಅದರ ಉಪ್ಪು ಪದರ ಪದರವಾಗಿ ಉಳಿಯಿತಂತೆ. ಆ ಉಪ್ಪಿರುವುದು ತಿಳಿದದ್ದು 1895ರಲ್ಲಿ. 1906ರಲ್ಲಿ ಬಾವಿಯಂತೆ ನೇರವಾಗಿ ಇಳಿಯುವ ಸುರಂಗವನ್ನು ತೋಡಲು ತೊಡಗಿ 1910ರಲ್ಲಿ ಮುಗಿಸಿದರು. ಈಗ ನಗರದ ಅಡಿಯಲ್ಲಿ ಸುಮಾರು 1,500 ಎಕರೆಯಷ್ಟು ವಿಸ್ತಾರವಾಗಿ ಉಪ್ಪಿನ ಹಜಾರಗಳು ಹಬ್ಬಿವೆ. ಅವುಗಳ ನಡುವೆ ನೂರು ಮೈಲಿಗೂ ಹೆಚ್ಚಿನ ಓಣಿಗಳಿವೆ. ಮೇಲೊಂದು ಊರು, ಕೆಳಗೊಂದು ಊರು. ಮೊದಲ ದಿನಗಳಲ್ಲಿ ಉಪ್ಪು ಸಾಗಿಸಲು ಹೇಸರಗತ್ತೆಗಳನ್ನು ಹಗ್ಗ ಕಟ್ಟಿ ಕೆಳಗಿಳಿಸುತ್ತಿದ್ದರು; ಇಳಿದ ಪ್ರಾಣಿಗಳು ಮತ್ತೆ ಬಿಸಿಲು ಕಾಣುತ್ತಿರಲಿಲ್ಲ ಎಂದು ಹೇಳುತ್ತಾರೆ. ಇಂದಿನ ಲಾರಿ, ಯಂತ್ರಗಳನ್ನು ಮೇಲೆ ಬಿಚ್ಚಿ, ಬಿಡಿ ಭಾಗಗಳಾಗಿ ಕೆಳಗಿಳಿಸಿ, ಅಲ್ಲಿ ಮರಳಿ ಜೋಡಿಸಬೇಕು. 1983ರಲ್ಲಿ ಮುಚ್ಚಿದ್ದ ಗಣಿ 1998ರಲ್ಲಿ ಪುನಃ ಕೆಲಸ ಆರಂಭಿಸಿತು. ಸಾರ್ವಜನಿಕರಿಗೆ ಪ್ರವೇಶವಿಲ್ಲವಾದ್ದರಿಂದ ನಾವು ಹೊರಗಿನ ಬೇಲಿಯ ಬಳಿ ಕಾರು ನಿಲ್ಲಿಸಿ, ಗುಡ್ಡದಂತೆ ಒಟ್ಟಿದ ಉಪ್ಪನ್ನು ನೋಡಿ ತೃಪ್ತಿಪಟ್ಟುಕೊಳ್ಳಬೇಕಾಯಿತು. ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯಲ್ಲಿ ಗದ್ದೆಗಳಿಗೆ ಸಮುದ್ರದ ನೀರು ಕಟ್ಟಿ ಉಪ್ಪು ತೆಗೆಯುವುದನ್ನು ಕಂಡಿದ್ದ ನಮಗೆ ಸಮುದ್ರವಿಲ್ಲದ ಊರಿನ ಆ ಉಪ್ಪಿನ ಬೆಟ್ಟ ಸೋಜಿಗವಾಗಿಯೇ ಕಂಡಿತು.

ಡೆಟ್ರಾಯ್ಟ್ ಎಂದರೆ ಕಾರುಗಳ ತವರುಮನೆ. ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಸಾಲಿನ ಮೇಲೆ ಕಾರುಗಳನ್ನು ಜೋಡಿಸುವ ಪದ್ಧತಿಯನ್ನು ಆರಂಭಿಸಿದ್ದು ಇಲ್ಲಿಯ ಹೈಲ್ಯಾಂಡ್ ಪಾರ್ಕಿನಲ್ಲಿ. ಕಾರು ಮಾಡುವ ಊರಿನ ಅಡಿಯಲ್ಲಿಯೇ ಕಾರನ್ನು ತಿನ್ನುವ ಪದಾರ್ಥವಿರುವುದನ್ನು ಏನೆನ್ನಬೇಕು? ಆದರೆ ಈ ಎರಡಕ್ಕೂ ನಂಟು ಬೆಳೆದದ್ದು ತಡವಾಗಿ. ಮೊದಲು ರಸ್ತೆಯ ಹಿಮವನ್ನು ಸರಿಸಿ, ಮರಳೋ ಬೂದಿಯೋ ಚೆಲ್ಲುತ್ತಿದ್ದರು. 1938ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯ ಉಪ್ಪನ್ನು ಪರೀಕ್ಷಾರ್ಥವಾಗಿ ಬಳಸಿತು. 1941–42ರ ಚಳಿಗಾಲದಲ್ಲಿ ಇಡೀ ದೇಶದ ಹೆದ್ದಾರಿಗಳಿಗೆ ಬಿದ್ದ ಉಪ್ಪು ಸುಮಾರು 5,000 ಟನ್. ಇಂದು ಅದು ವರ್ಷಕ್ಕೆ 2 ಕೋಟಿ ಟನ್ನಿನಷ್ಟು. ಯುದ್ಧಾನಂತರ ಹೆದ್ದಾರಿಗಳು ಬೆಳೆದಂತೆಲ್ಲ, ಹಿಮ ಬಿದ್ದರೂ ರಸ್ತೆಯ ಕಪ್ಪು ನೆಲವೇ ಕಾಣುತ್ತಿರಬೇಕೆಂಬ ಹಟ ಜನರಲ್ಲಿ ಬೆಳೆಯಿತು. ಹಟ ಬೆಳೆದಷ್ಟೂ ಉಪ್ಪೂ ಬೆಳೆಯಿತು. ಅದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಉಪ್ಪು ಹಾಕದ ಒಳರಸ್ತೆಯೊಂದರಲ್ಲಿ ಕಾರು ಹಾಯಾಗಿ ಅಡ್ಡಡ್ಡ ಜಾರಿದ ಅನುಭವ ನಮಗೂ ಒಮ್ಮೆ ಆಯಿತು. ಮನೆಯವರು ಮನೆಗೆ ಮುಟ್ಟುವವರೆಗೂ ಲಿಂಗಪೂಜೆಯ ಮಂತ್ರವನ್ನು ನಿಲ್ಲಿಸಲಿಲ್ಲ.

ಕಾರಿನ ವಿಷಯಕ್ಕೆ ಬರೋಣ. ಕಾರಿನ ಬಾಗಿಲು, ಬಾನೆಟ್ಟುಗಳ ಮೇಲೆ ಕಾಣುವ ಬಿಳುಪು ಕಣ್ಣಿಗೆ ಅಸಹ್ಯವೇ ಹೊರತು ಅಷ್ಟೊಂದು ಅಪಾಯಕಾರಿಯಲ್ಲ. 1980ರ ದಶಕದಿಂದೀಚೆಗೆ ಕಾರಿನ ತಗಡಿಗೆ ಸತುವಿನ ಲೇಪ ಕೊಡುವ ಕ್ರಮ ವ್ಯಾಪಕವಾದ ಮೇಲೆ ಬಾಗಿಲುಗಳು ಹಿಂದಿನಂತೆ ನಾಲ್ಕೈದು ವರ್ಷಕ್ಕೆ ತೂತು ಬೀಳುವುದಿಲ್ಲ. ನಿಜವಾದ ಕೇಡು ಕಣ್ಣಿಗೆ ಕಾಣದ ಅಡಿಭಾಗದಲ್ಲಿ ನಡೆಯುತ್ತದೆ. ನೀರಿನಲ್ಲಿ ಉಪ್ಪು ಕರಗಿದಾಗ ಅದರಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. ಕಬ್ಬಿಣ ತುಕ್ಕಾಗುವುದು ಒಂದು ವಿದ್ಯುತ್ ಕ್ರಿಯೆಯೇ ಆದ್ದರಿಂದ ಅದರ ವೇಗ ಹೆಚ್ಚುತ್ತದೆ. ಬ್ರೇಕಿನ ಎಣ್ಣೆ ಹರಿಯುವ ಸಣ್ಣ ಉಕ್ಕಿನ ಕೊಳವೆಗಳು, ಹೊಗೆಕೊಳವೆಯ ಬೋಲ್ಟುಗಳು, ಗಾಲಿಗಳನ್ನು ಹಿಡಿದಿರುವ ತೋಳುಗಳು ಇವೆಲ್ಲ ಅದಕ್ಕೆ ಆಹಾರ. 2015ರ ಏಪ್ರಿಲ್‌ನಲ್ಲಿ ಅಮೆರಿಕೆಯ ಹೆದ್ದಾರಿ ಸುರಕ್ಷತಾ ಆಡಳಿತವು ಹಳೆಯ ವಾಹನಗಳ ಬ್ರೇಕ್ ಕೊಳವೆಗಳು ತುಕ್ಕಿನಿಂದ ಸೋರುತ್ತಿರುವ ಬಗೆಗೆ ನಡೆಸಿದ ವಿಚಾರಣೆಯನ್ನು ಮುಗಿಸಿ, ಉಪ್ಪು ಬಳಸುವ ರಾಜ್ಯಗಳ ಜನರು ತಮ್ಮ ವಾಹನದ ತಳವನ್ನು ಚಳಿಗಾಲದುದ್ದಕ್ಕೂ ತೊಳೆಯುತ್ತಿರಬೇಕೆಂದು ಎಚ್ಚರಿಸಿತು. ಅಳಿಯಂದಿರ ಗೆಳೆಯರೊಬ್ಬರು, ನಮ್ಮ ಹಾವೇರಿ ಕಡೆಯವರು, ವಿದ್ಯಾರ್ಥಿಯಾಗಿದ್ದಾಗ ಕಡಿಮೆ ಬೆಲೆಗೆ ಸಿಕ್ಕಿದ ಹಳೆಯ ಕಾರೊಂದನ್ನು ಕೊಂಡಿದ್ದರಂತೆ. ಮೇಲೆ ಫಳಫಳ ಹೊಳೆಯುತ್ತಿದ್ದ ಅದರ ಬ್ರೇಕನ್ನು ಒಂದು ದಿನ ಒತ್ತಿದಾಗ ಕಾಲು ನೆಲ ಮುಟ್ಟಿತು. ನಾಲ್ಕು ದಾರಿ ಕೂಡುವಲ್ಲಿ ಅದೃಷ್ಟವಶಾತ್ ಎದುರಿಗೆ ಯಾರೂ ಇರಲಿಲ್ಲ. ಕೆಳಗೆ ಬಗ್ಗಿ ನೋಡಿದರೆ ಕೊಳವೆ ಹಪ್ಪಳದಂತೆ ಪುಡಿಯಾಗಿತ್ತು. ಅವರು ಅದನ್ನು ನಮಗೆ ಊಟದ ಹೊತ್ತಿನಲ್ಲಿ ನಗುನಗುತ್ತ ಹೇಳಿದರು. ಅವರ ಹೆಂಡತಿ ನಗಲಿಲ್ಲ.

ಇನ್ನೊಂದು ಸೂಕ್ಷ್ಮ ನಮಗೆ ಹೊಸದಾಗಿತ್ತು. ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿದ ಕಾರು ಸುಖವಾಗಿರುತ್ತದೆಂದು ಯಾರಾದರೂ ಭಾವಿಸುವುದು ಸಹಜ. ಉಪ್ಪು ಹತ್ತಿದ ಕಾರಿನ ಮಟ್ಟಿಗೆ ಇದು ತಿರುವುಮುರುವು. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ನಿಂತ ಕಾರಿನ ಮೇಲೆ ತುಕ್ಕಿನ ಕೆಲಸ ಬಹುಮಟ್ಟಿಗೆ ನಿಂತೇ ಹೋಗಿರುತ್ತದೆ. ಗ್ಯಾರೇಜಿಗೆ ತಂದೊಡನೆ ಗಾಲಿಯ ಕಮಾನುಗಳಲ್ಲಿ ಕಟ್ಟಿದ ಕೆಸರುಹಿಮ ಕರಗಿ, ಉಪ್ಪುನೀರು ಸಂದುಸಂದಿಗೆ ಇಳಿದು, ರಾತ್ರಿಯಿಡೀ ಬೆಚ್ಚಗೆ ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದಲೇ ತಿಳಿದವರು ಕಾರನ್ನು ಒಳಗೆ ತರುವ ಮುನ್ನ ತೊಳೆಸಿ ತರುತ್ತಾರೆ. ಇಲ್ಲವೇ ಕಮಾನುಗಳಲ್ಲಿನ ಗಡ್ಡೆಗಳನ್ನು ಕಾಲಿನಿಂದ ಒದ್ದು ಉದುರಿಸಿಯೇ ಒಳಗೆ ಬರುತ್ತಾರೆ. ಕೆಲವೆಡೆ ಉಪ್ಪಿನೊಂದಿಗೆ ಬಳಸುವ ಕ್ಯಾಲ್ಸಿಯಂ ಕ್ಲೋರೈಡ್, ಮ್ಯಾಗ್ನೀಸಿಯಂ ಕ್ಲೋರೈಡ್‌ಗಳಂತೂ ಗಾಳಿಯ ತೇವವನ್ನೇ ಹೀರಿ ಒದ್ದೆಯಾಗಿ ಉಳಿಯುವಂಥವು. ಮೈ ಒಣಗಿದಂತೆ ಕಂಡರೂ ಒಣಗಿರುವುದಿಲ್ಲ.

ನಮ್ಮ ಮಗಳ ಮನೆಯ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಅಲ್ಲಿಗೆ ಹೊಸದಾಗಿ ಹೋಗುವ ಮಕ್ಕಳಿಗೆ ಉಪಯೋಗವಾದೀತು. ಅಕ್ಟೋಬರ್‌ನಲ್ಲಿ, ಮೊದಲ ಹಿಮಕ್ಕೆ ಮುಂಚೆ, ಕಾರನ್ನು ಚೆನ್ನಾಗಿ ತೊಳೆದು ಮೇಣ ಹಚ್ಚಿಬಿಡುತ್ತಾರೆ. ಮೇಣವಿದ್ದರೆ ಉಪ್ಪು ಬಣ್ಣಕ್ಕೆ ಅಂಟಿಕೊಳ್ಳದು. ಬಾಗಿಲ ಸುತ್ತಿನ ರಬ್ಬರಿಗೆ ಸಿಲಿಕೋನ್ ಎಣ್ಣೆ ಸವರುತ್ತಾರೆ; ಇಲ್ಲವಾದರೆ ತೊಳೆದ ಮರುದಿನ ಬಾಗಿಲು ಹೆಪ್ಪುಗಟ್ಟಿ, ಎಳೆದಾಗ ರಬ್ಬರು ಕಿತ್ತು ಬರುತ್ತದೆ. ಹಿಮ ಬಿದ್ದ ಮೇಲೆ ತೊಳೆಸಲು ದಿನ ನೋಡಬೇಕು. ಮದುವೆಗೆ ಮುಹೂರ್ತ ನೋಡಿದಂತೆ ಅಳಿಯಂದಿರು ಹವಾಮಾನದ ವರದಿ ನೋಡುತ್ತಿದ್ದರು. ಉಷ್ಣಾಂಶ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಮೇಲಿರಬೇಕು, ಮುಂದೆರಡು ದಿನ ಹಿಮ ಇರಬಾರದು, ವೇಳೆ ನಡುಮಧ್ಯಾಹ್ನವಾಗಿರಬೇಕು. ಸಂಜೆ ತೊಳೆಸಿದರೆ ಸಂದುಗಳ ನೀರು ರಾತ್ರಿಗೆ ಕಲ್ಲಾಗುತ್ತದೆ. ತೊಳೆಸಿ ಬಂದ ಕೂಡಲೇ ನಾಲ್ಕೂ ಬಾಗಿಲು, ಹಿಂದಿನ ಡಿಕ್ಕಿ, ಪೆಟ್ರೋಲು ಹಾಕುವ ಕಿಂಡಿಯ ಮುಚ್ಚಳ ಎಲ್ಲವನ್ನೂ ತೆರೆದು ಅಂಚುಗಳನ್ನು ಒರೆಸಬೇಕು. ಹೀಗೆ ಹತ್ತು-ಹದಿನೈದು ದಿನಕ್ಕೊಮ್ಮೆ.

ಮಾಡಬಾರದ ಕೆಲಸಗಳೂ ಕೆಲವಿವೆ. ಬಿಳಿ ಪೊರೆಯನ್ನು ಒಣಬಟ್ಟೆಯಿಂದ ಒರೆಸಬಾರದು. ಉಪ್ಪಿನ ಹರಳೂ ಮರಳೂ ಸೇರಿ ಬಣ್ಣದ ಮೇಲೆ ಉಪ್ಪುಕಾಗದ ತಿಕ್ಕಿದಂತೆ ಗೀರುಗಳಾಗುತ್ತವೆ. ಹೆಪ್ಪುಗಟ್ಟಿದ ಮುಂಗಾಜಿನ ಮೇಲೆ ಬಿಸಿನೀರು ಸುರಿಯಬಾರದು, ಗಾಜು ಸೀಳುತ್ತದೆ. ತಾರಸಿಯ ಮೇಲಿನ ಹಿಮವನ್ನು, ಅಂದರೆ ಕಾರಿನ ತಲೆಯ ಮೇಲಿನ ಹಿಮವನ್ನು, ಹಾಗೆಯೇ ಬಿಟ್ಟು ಹೊರಡಬಾರದು. ವೇಗದಲ್ಲಿ ಅದು ಹಾಸುಗಲ್ಲಿನಂತೆ ಹಾರಿ ಹಿಂದಿನವರ ಗಾಜಿಗೆ ಬಡಿಯುತ್ತದೆ. ಗಾಜು ತೊಳೆಯುವ ನೀಲಿ ದ್ರವವೊಂದನ್ನು ಕೊಡದಲ್ಲಿ ತಂದಿಟ್ಟಂತೆ ಪ್ರತಿ ಮನೆಯಲ್ಲಿಯೂ ತಂದಿಟ್ಟಿರುತ್ತಾರೆ, ಏಕೆಂದರೆ ಬರಿಯ ನೀರು ಹೆಪ್ಪುಗಟ್ಟುತ್ತದೆ. ಮೊಮ್ಮಕ್ಕಳಿರುವ ಮನೆಗೆ ಹೋಗುವ ಹಿರಿಯರು ಇದೊಂದನ್ನು ನೆನಪಿಡಬೇಕು: ಆ ದ್ರವದಲ್ಲಿ ಸಾಮಾನ್ಯವಾಗಿ ಮೆಥನಾಲ್ ಇರುತ್ತದೆ, ಅದು ವಿಷ, ಶರಬತ್ತಿನ ಬಣ್ಣವಿರುವುದರಿಂದ ಮಕ್ಕಳ ಕೈಗೆಟುಕದಂತೆ ಎತ್ತರದಲ್ಲಿಡಬೇಕು. ಹೊಸ ಕಾರುಗಳ ದೀಪಗಳದು ಮತ್ತೊಂದು ತೊಡಕು. ಹಳೆಯ ದೀಪಗಳು ಬಿಸಿಯಾಗಿ ತಮ್ಮ ಮೇಲಿನ ಹಿಮವನ್ನು ತಾವೇ ಕರಗಿಸಿಕೊಳ್ಳುತ್ತಿದ್ದವು. ಈಗಿನ ಎಲ್‌ಇಡಿ ದೀಪಗಳು ಮುಂದುಗಡೆ ಅಷ್ಟು ಬಿಸಿಯಾಗುವುದಿಲ್ಲವಾದ್ದರಿಂದ ಹಿಮವನ್ನೂ ಉಪ್ಪನ್ನೂ ಹೊತ್ತು ಮಂಕಾಗಿಬಿಡುತ್ತವೆ. ಹಿಂಬದಿಯ ಕ್ಯಾಮೆರಾ ಕೂಡ ಕುರುಡು. ಮಗಳು ಬೆಳಿಗ್ಗೆ ಹೊರಡುವ ಮುನ್ನ ಒದ್ದೆ ಬಟ್ಟೆಯಿಂದ ದೀಪಗಳ, ಕ್ಯಾಮೆರಾದ ಕಣ್ಣೊರೆಸುವುದು ಅಲ್ಲಿ ನಮ್ಮ ಹೊಸ್ತಿಲು ಸಾರಿಸುವ ಕೆಲಸದಷ್ಟೇ ನಿತ್ಯದ್ದಾಗಿತ್ತು.

ಕಾರು ತೊಳೆಯುವ ಯಂತ್ರಶಾಲೆಗೆ ನಾವೂ ಒಮ್ಮೆ ಕಾರಿನೊಳಗೆ ಕುಳಿತೇ ಹೋದೆವು. ಈ ಉದ್ಯಮವೂ ಡೆಟ್ರಾಯ್ಟ್‌ನಲ್ಲಿಯೇ ಹುಟ್ಟಿತೆನ್ನುತ್ತಾರೆ. 1914ರಲ್ಲಿ "ಆಟೋಮೊಬೈಲ್ ಲಾಂಡ್ರಿ" ಎಂಬ ಹೆಸರಿನ ಅಂಗಡಿಯೊಂದು ಇಲ್ಲಿ ತೆರೆಯಿತು; ಕಾರನ್ನು ಆಳುಗಳು ಕೈಯಿಂದ ತಳ್ಳುತ್ತ, ಒಬ್ಬ ಸಾಬೂನು ಹಚ್ಚಿದರೆ ಮತ್ತೊಬ್ಬ ತೊಳೆಯುತ್ತ, ಇನ್ನೊಬ್ಬ ಒರೆಸುತ್ತ ಮುಂದೆ ಸಾಗಿಸುತ್ತಿದ್ದರು. ಈಗ ಆಳುಗಳಿಲ್ಲ. ಕಾರಿನ ಗಾಲಿಯನ್ನು ಒಂದು ಸರಪಳಿ ಹಿಡಿದು ಉದ್ದನೆಯ ಕತ್ತಲೆಯ ಮನೆಯೊಳಗೆ ಮೆಲ್ಲಗೆ ಎಳೆದೊಯ್ಯುತ್ತದೆ. ಎಡಬಲದಿಂದ ಬಣ್ಣಬಣ್ಣದ ನೊರೆ, ತೇರಿನ ಜೂಲಿನಂತೆ ಜೋಲುವ ಬಟ್ಟೆಯ ಪಟ್ಟಿಗಳು, ಕೊನೆಗೆ ಬಿರುಗಾಳಿ. ನಡುವೆ ನೆಲದಿಂದ ಕಾರಂಜಿಗಳು ಚಿಮ್ಮಿ ಕಾರಿನ ಹೊಟ್ಟೆಗೆ ಬಡಿಯುವ ಸದ್ದು ಕೇಳಿಸಿತು. "ಅಪ್ಪಾಜಿ, ನಾವು ರೊಕ್ಕ ಕೊಡೋದು ಈ ಸಪ್ಪಳಕ್ಕರೀ" ಎಂದಳು ಮಗಳು. ಮೇಲಿನ ನೊರೆಯೆಲ್ಲ ಚಂದಕ್ಕೆ. ಅಡಿಯ ನೀರು ಆಯುಷ್ಯಕ್ಕೆ. ತಿಂಗಳಿಗೆ ಇಷ್ಟೆಂದು ಮುಂಗಡ ಕೊಟ್ಟು ಎಷ್ಟು ಬಾರಿ ಬೇಕಾದರೂ ತೊಳೆಸುವ ಏರ್ಪಾಡು ಅಲ್ಲಿದೆ. ಹಿಮ ನಿಂತ ಶನಿವಾರಗಳಲ್ಲಿ ಬಾಗಿಲಿನಿಂದ ಹೆದ್ದಾರಿಯವರೆಗೆ ಕಾರುಗಳ ಸಾಲು ನಿಂತಿರುತ್ತದೆ.

ಸರತಿಯಲ್ಲಿ ಕಾದು ಕುಳಿತಾಗ ನಮಗೊಂದು ಪ್ರಶ್ನೆ ಬಂದಿತು. ಇಷ್ಟು ಕಾರುಗಳ ಮೈಯಿಂದ ಇಳಿದ ಉಪ್ಪು ಹೋಗುವುದೆಲ್ಲಿಗೆ?

ಮನೆಯ ಮುಂದೆಯೇ ಕೊಳವೆ ಹಿಡಿದು ಕಾರು ತೊಳೆದರೆ ಆ ನೀರು ರಸ್ತೆಯಂಚಿನ ಜಾಲರಿಯೊಳಗೆ ಇಳಿಯುತ್ತದೆ. ಅದು ಮಳೆನೀರಿನ ಚರಂಡಿ. ಆ ಕಡೆಯ ಬಹಳಷ್ಟು ಬಡಾವಣೆಗಳಲ್ಲಿ ಅದರ ನೀರು ಶುದ್ಧೀಕರಣಕ್ಕೆ ಹೋಗದೆ ನೇರವಾಗಿ ಹಳ್ಳ ಸೇರುತ್ತದೆ. ನೋವೈಯ ಹಳ್ಳಗಳು ರೂಜ್ ನದಿಗೆ, ರೂಜ್ ನದಿ ಡೆಟ್ರಾಯ್ಟ್ ನದಿಗೆ, ಅದು ಈರಿ ಸರೋವರಕ್ಕೆ. ಯಂತ್ರಶಾಲೆಯವರು ನೀರನ್ನು ಸೋಸಿ ಮರುಬಳಸಿ, ಉಳಿದದ್ದನ್ನು ಒಳಚರಂಡಿಗೆ ಬಿಡುತ್ತಾರೆ. ಅಲ್ಲಿಂದ ಅದು ಶುದ್ಧೀಕರಣ ಕೇಂದ್ರಕ್ಕೆ ಹೋಗುತ್ತದೆ. ಎಣ್ಣೆ, ಸಾಬೂನು, ಕೆಸರು ಅಲ್ಲಿ ನಿಲ್ಲುತ್ತವೆ. ಆದ್ದರಿಂದ ಮನೆಯ ಮುಂದೆ ತೊಳೆಯುವುದಕ್ಕಿಂತ ಅದೇ ಮೇಲು. ಆದರೆ ನೀರಿನಲ್ಲಿ ಕರಗಿದ ಉಪ್ಪನ್ನು ಆ ಕೇಂದ್ರಗಳೂ ಹಿಡಿಯಲಾರವು. ಉಪ್ಪು ಕೊಳೆಯುವುದಿಲ್ಲ, ಸುಡುವುದಿಲ್ಲ, ಹುಳುವಿಗೆ ಆಹಾರವಾಗುವುದಿಲ್ಲ. ಒಮ್ಮೆ ನೆಲದ ಮೇಲೆ ಬಿದ್ದ ಬಳಿಕ ಕಾರಿನ ಮೈಯಿಂದ ತೊಳೆದರೂ ರಸ್ತೆಯಿಂದ ಮಳೆ ತೊಳೆದರೂ ಅದು ನದಿಗೋ ಅಂತರ್ಜಲಕ್ಕೋ ಸೇರಲೇಬೇಕು. ಅಮೆರಿಕೆಯ ಪರಿಸರ ಸಂರಕ್ಷಣಾ ಸಂಸ್ಥೆ ನದಿಯ ಜೀವಿಗಳು ದೀರ್ಘಕಾಲ ತಾಳಬಲ್ಲ ಕ್ಲೋರೈಡಿನ ಮಿತಿಯನ್ನು 1988ರಲ್ಲಿಯೇ ಲೀಟರಿಗೆ 230 ಮಿಲಿಗ್ರಾಂ ಎಂದು ಗೊತ್ತುಪಡಿಸಿದೆ. ಲೆಕ್ಕ ಹಾಕಿದರೆ, ಚಹದ ಚಮಚೆಯೊಂದರ ಉಪ್ಪು ಇಪ್ಪತ್ತು ಲೀಟರಿನ ಆಸುಪಾಸಿನ ಸಿಹಿನೀರನ್ನು ಆ ಮಿತಿಯ ಹತ್ತಿರಕ್ಕೆ ಒಯ್ಯಲು ಸಾಕು.

ನೋವೈಯಿಂದ ಅರ್ಧ ಗಂಟೆಯ ದಾರಿಯಲ್ಲಿ ಆನ್ ಆರ್ಬರ್ ಎಂಬ ವಿಶ್ವವಿದ್ಯಾಲಯದ ಊರಿದೆ. ಅದರ ಪಶ್ಚಿಮದ ಅಂಚಿನಲ್ಲಿ ಅಕ್ಕತಂಗಿಯರೆಂಬ ಅರ್ಥದ "ಸಿಸ್ಟರ್" ಎಂಬ ಹೆಸರು ಹೊತ್ತ ಪುಟ್ಟ ಕೆರೆಗಳಿವೆ. ಶೀತಪ್ರದೇಶದ ಕೆರೆಗಳಲ್ಲಿ ಪ್ರಕೃತಿಯ ಒಂದು ಏರ್ಪಾಡಿದೆ. ವಸಂತದಲ್ಲಿಯೂ ಶರತ್ಕಾಲದಲ್ಲಿಯೂ ಮೇಲಿನ ನೀರು ಕೆಳಗೆ, ಕೆಳಗಿನ ನೀರು ಮೇಲೆ ಆಗಿ ಇಡೀ ಕೆರೆ ಮಗುಚಿಕೊಳ್ಳುತ್ತದೆ. ತಳದ ಜೀವಿಗಳಿಗೆ ಪ್ರಾಣವಾಯು ಸಿಗುವುದು ಆಗಲೇ. ರಸ್ತೆಯ ಉಪ್ಪು ಸೇರಿದ ನೀರು ಭಾರವಾಗಿ ತಳದಲ್ಲಿ ಕುಳಿತುಬಿಟ್ಟರೆ ಕೆರೆ ಮಗುಚಿಕೊಳ್ಳುವುದು ನಿಂತುಹೋಗುತ್ತದೆ. ಈ ಅಕ್ಕತಂಗಿಯರಲ್ಲಿ ಒಂದು ಕೆರೆಗೆ ಹೀಗಾಗುತ್ತಿರುವುದನ್ನು ವಿಜ್ಞಾನಿಗಳು 1970ರಷ್ಟು ಹಿಂದೆಯೇ ಗುರುತಿಸಿದರು. ಫೆಬ್ರವರಿಯ ಒಂದು ಭಾನುವಾರ ನಾವು ಆ ಕಡೆ ಹೋದಾಗ ಕಾಡಿನ ನಡುವೆ ಕೆರೆಯ ಮೇಲೆ ಮಂಜುಗಡ್ಡೆ ಹಾಸಿತ್ತು, ಅದರ ಮೇಲೆ ಯಾವುದೋ ಪ್ರಾಣಿಯ ಹೆಜ್ಜೆಗಳಿದ್ದವು. ಆಚೆ ಹೆದ್ದಾರಿಯ ಸದ್ದು. ನೋಡುವ ಕಣ್ಣಿಗೆ ಕೆರೆಯಲ್ಲಿ ಯಾವ ಊನವೂ ಇರಲಿಲ್ಲ.

ಆದರೆ ನಮ್ಮ ಮನಸ್ಸಿನಲ್ಲಿ ಹೆಚ್ಚು ನಿಂತದ್ದು ಫ್ಲಿಂಟ್. ಡೆಟ್ರಾಯ್ಟ್‌ನಿಂದ ವಾಯವ್ಯಕ್ಕೆ ಸುಮಾರು ನೂರ ಹತ್ತು ಕಿಲೋಮೀಟರ್ ದೂರದ ಈ ಊರೂ ಕಾರುಗಳಿಂದಲೇ ಬೆಳೆದು, ಕಾರ್ಖಾನೆಗಳು ಹೋದಂತೆ ಬಡವಾದದ್ದು. ಹಣ ಉಳಿಸುವುದಕ್ಕಾಗಿ 2014ರ ಏಪ್ರಿಲ್‌ನಲ್ಲಿ ಅಲ್ಲಿಯ ಆಡಳಿತ ಡೆಟ್ರಾಯ್ಟ್‌ನಿಂದ ಬರುತ್ತಿದ್ದ ಹ್ಯೂರಾನ್ ಸರೋವರದ ನೀರನ್ನು ಬಿಟ್ಟು, ಊರಿನ ಪಕ್ಕದ ಫ್ಲಿಂಟ್ ನದಿಯ ನೀರನ್ನು ಮನೆಗಳಿಗೆ ಹರಿಸಿತು. ಆ ನೀರಿನಲ್ಲಿ ಕ್ಲೋರೈಡ್ ಅಧಿಕ. ರಸ್ತೆಗಳಿಂದ ಹರಿದು ಬರುವ ಉಪ್ಪು ಅದಕ್ಕೊಂದು ಕಾರಣ. ನೀರು ತಿಳಿಗೊಳಿಸಲು ಬೆರೆಸಿದ ರಾಸಾಯನಿಕದಿಂದ ಅದು ಇನ್ನಷ್ಟು ಹೆಚ್ಚಿತು. ಕೊಳವೆಗಳನ್ನು ಸವೆತದಿಂದ ಕಾಯುವ ಔಷಧವನ್ನು ಮಾತ್ರ ಬೆರೆಸಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿದ್ದ ಜನರಲ್ ಮೋಟಾರ್ಸ್ ಕಂಪನಿಯ ಎಂಜಿನ್ ಕಾರ್ಖಾನೆಯವರು ಈ ನೀರಿನಿಂದ ತಮ್ಮ ಎಂಜಿನ್ ಭಾಗಗಳು ತುಕ್ಕು ಹಿಡಿಯುತ್ತಿರುವುದನ್ನು ಕಂಡು, ನೆರೆಯ ಟೌನ್‌ಶಿಪ್‌ನಿಂದ ಸರೋವರದ ನೀರನ್ನೇ ತರಿಸಿಕೊಳ್ಳತೊಡಗಿದರು. ಮನೆಗಳಿಗೆ ನದಿಯ ನೀರೇ ಮುಂದುವರಿಯಿತು. ಉಕ್ಕನ್ನು ತಿನ್ನುವ ಆ ನೀರು ಹಳೆಯ ಕೊಳವೆಗಳ ಸೀಸವನ್ನೂ ಕರಗಿಸಿಕೊಂಡು ಮಕ್ಕಳ ಲೋಟ ಸೇರಿತು. ಊರಿಗೆ ಮತ್ತೆ ಸರೋವರದ ನೀರು ಬಂದದ್ದು 2015ರ ಅಕ್ಟೋಬರ್‌ನಲ್ಲಿ, ಅಂದರೆ ಎಂಜಿನ್‌ಗಳಿಗೆ ಬಂದ ಒಂದು ವರ್ಷದ ನಂತರ. ಈ ಸಂಗತಿಯನ್ನು ಕೇಳಿದ ಮೇಲೆ ನಮ್ಮ ಮನೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಕಾರಿಗೆ ಬ್ಯಾಡಾದ ನೀರು ಕೂಸಿಗೆ ಹ್ಯಾಂಗ ನಡೀತು?" ಎಂದು ಕೇಳಿದರು. ಅಳಿಯಂದಿರು ಎಂಜಿನಿಯರು; ಅವರ ಬಳಿಯೂ ಉತ್ತರವಿರಲಿಲ್ಲ.

ಅಲ್ಲಿಯವರು ಕೈಕಟ್ಟಿ ಕುಳಿತಿದ್ದಾರೆಂದು ಇದರ ಅರ್ಥವಲ್ಲ. ಒಣ ಉಪ್ಪನ್ನು ಎರಚಿದರೆ ಸುಮಾರು ಮೂರರಲ್ಲಿ ಒಂದು ಪಾಲು ಪುಟಿದು ರಸ್ತೆಯ ಹೊರಗೆ ವ್ಯರ್ಥವಾಗುತ್ತದೆಂದು ತಿಳಿದ ಮೇಲೆ, ಅದನ್ನು ಉಪ್ಪುನೀರಿನಿಂದ ತೋಯಿಸಿ ಹಾಕುವುದನ್ನೂ, ಹಿಮಕ್ಕೆ ಮುಂಚೆಯೇ ತೆಳುವಾದ ಉಪ್ಪುನೀರಿನ ಗೆರೆಗಳನ್ನು ರಸ್ತೆಯ ಮೇಲೆ ಎಳೆಯುವುದನ್ನೂ ರೂಢಿಸಿಕೊಂಡಿದ್ದಾರೆ. ಬಾಚಣಿಗೆಯಿಂದ ಎಳೆದಂತಿರುವ ಆ ಬಿಳಿ ಗೆರೆಗಳನ್ನು ಕಂಡರೆ ನಾಳೆ ಹಿಮವೆಂದು ಲೆಕ್ಕ. ಮಿಚಿಗನ್ನಿನಲ್ಲಿ ಸಕ್ಕರೆ ಬೀಟ್‌ರೂಟಿನ ಬೆಳೆ ಹೇರಳ. ಸಕ್ಕರೆ ತೆಗೆದುಳಿದ ಅದರ ರಸವನ್ನು ಉಪ್ಪುನೀರಿಗೆ ಬೆರೆಸುವವರೂ ಇದ್ದಾರೆ. ಅದು ಅಂಟಾಗಿ ರಸ್ತೆಯನ್ನು ಹಿಡಿದುಕೊಳ್ಳುತ್ತದೆ, ಹೆಚ್ಚಿನ ಚಳಿಯಲ್ಲಿಯೂ ಕೆಲಸ ಮಾಡುತ್ತದೆ. ಉಪ್ಪಿಗೂ ಒಂದು ಮಿತಿಯಿದೆ. ಉಷ್ಣಾಂಶ ಸೊನ್ನೆಗಿಂತ ಒಂಬತ್ತು-ಹತ್ತು ಡಿಗ್ರಿ ಕೆಳಗಿಳಿದರೆ ಬರಿಯ ಉಪ್ಪು ಹೆಚ್ಚಿನ ಪ್ರಯೋಜನಕ್ಕೆ ಬಾರದು. ಇದು ಗೊತ್ತಿಲ್ಲದವರು ಕೊರೆಯುವ ಚಳಿಯಲ್ಲಿ ಮತ್ತಷ್ಟು ಚೆಲ್ಲುತ್ತಾರೆ. ಚೆಲ್ಲಿದ್ದೆಲ್ಲ ಮರುವಾರದ ಕಾರುಗಳ ಹೊಟ್ಟೆಗೆ.

ನಮ್ಮ ಅಭಿಪ್ರಾಯದಲ್ಲಿ ಕಾರು ತೊಳೆಯುವ ಕೆಲಸ ಆರಂಭವಾಗಬೇಕಾದದ್ದು ಮನೆಯ ಮೆಟ್ಟಿಲಿನಿಂದಲೇ. ಅಲ್ಲಿಯ ಪ್ರತಿ ಮನೆಯ ಬಾಗಿಲಲ್ಲೂ ಉಪ್ಪಿನ ಚೀಲವಿರುತ್ತದೆ, ಜಾರಿ ಬೀಳುವ ಭಯಕ್ಕೆ ಜನ ಅಕ್ಕಿ ಎರಚಿದಂತೆ ಎರಚುತ್ತಾರೆ. ನೆರೆಮನೆಯ ಮುದುಕರೊಬ್ಬರು ಮಾತ್ರ ಮೊದಲು ಸಲಿಕೆಯಿಂದ ಹಿಮವನ್ನೆಲ್ಲ ಬಳಿದು, ಆಮೇಲೆ ಕಾಫಿ ಕುಡಿಯುವ ಒಂದು ಪಿಂಗಾಣಿ ಲೋಟದ ಅಳತೆಯಲ್ಲಿ ಉಪ್ಪು ತಂದು ಚಿಮುಕಿಸುತ್ತಿದ್ದರು. ಇಪ್ಪತ್ತು ಅಡಿ ಉದ್ದದ ಕಾರುದಾರಿಗೆ ಅಷ್ಟು ಸಾಕು ಎಂಬುದು ಅಲ್ಲಿಯ ತಿಳಿದವರು ಹೇಳುವ ಅಳತೆಯೂ ಹೌದು. ನೆಲ ಒಣಗಿದ ಮೇಲೆ ಉಳಿದ ಹರಳುಗಳನ್ನು ಕಸಬರಿಗೆಯಿಂದ ಗುಡಿಸಿ ಮತ್ತೆ ಡಬ್ಬಿಗೆ ತುಂಬುತ್ತಿದ್ದರು. ಇದನ್ನು ಕಂಡ ನಮ್ಮ ಮನೆಯವರು ಮರುದಿನದಿಂದಲೇ ಮಗಳ ಮನೆಯ ಉಪ್ಪಿನ ಚೀಲವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಅಳಿಯಂದಿರಿಗೆ ಆಗಿನಿಂದ ಲೋಟದ ಲೆಕ್ಕ.

ಮಾರ್ಚ್ ಮೂರನೆಯ ವಾರಕ್ಕೆ ರಸ್ತೆಯಂಚಿನ ಹಿಮದ ರಾಶಿಗಳು ಕಪ್ಪಾಗಿ, ಕುಗ್ಗಿ, ಒಂದು ರಾತ್ರಿಯ ಬೆಚ್ಚಗಿನ ಮಳೆಗೆ ಇಲ್ಲವಾದವು. ವರ್ಷದ ದೊಡ್ಡ ತೊಳೆತ ಆಗ. ಅಳಿಯಂದಿರು ಎರಡೂ ಕಾರುಗಳ ಅಡಿಭಾಗವನ್ನು ಎರಡು ಸಲ ಯಂತ್ರಶಾಲೆಯಲ್ಲಿ ತೊಳೆಸಿ, ನಂತರ ಅವನ್ನು ಮೇಲೆತ್ತಿಸಿ ಬ್ರೇಕ್ ಕೊಳವೆಗಳನ್ನು ಮಿಸ್ತ್ರಿಯಿಂದ ಪರೀಕ್ಷಿಸಿದರು. ಕಾರಿನೊಳಗಿನ ಕಾಲುಹಾಸುಗಳ ಮೇಲೆ ಬೂಟುಗಳಿಂದ ಇಳಿದ ಉಪ್ಪು ನಕ್ಷೆ ಬರೆದಂತೆ ಕಲೆಗಟ್ಟಿತ್ತು. ಬೆಚ್ಚಗಿನ ನೀರಿಗೆ ಅರ್ಧದಷ್ಟು ಬಿಳಿ ವಿನೆಗರ್ ಬೆರೆಸಿ, ಬಟ್ಟೆ ಅದ್ದಿ ಒತ್ತಿ ಒತ್ತಿ ತೆಗೆದರೆ ಆ ಕಲೆ ಹೋಗುತ್ತದೆ, ತಿಕ್ಕಬಾರದು. ಆ ಒಂದು ಕೆಲಸವನ್ನು ನಾವಿಬ್ಬರೂ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಮಾಡಿ ಮುಗಿಸಿದೆವು. ಕಾರು ನೀಲಿ ಬಣ್ಣದ್ದೆಂದು ನಮಗೆ ಅಂದು ತಿಳಿಯಿತು.